ಕಣದ ಕೂಲಿ, ಅಳೆಯುವ ಕೈ

ಇಂದಿನ ಮಹಾರಾಷ್ಟ್ರದಲ್ಲಿರುವ ಜಳಕೋಟ, ಉದಗೀರ, ನಿಲಂಗಾ, ಉಮರ್ಗಾ ಸೀಮೆಯಲ್ಲಿ ಕನ್ನಡದ ಆಯ, ಮರಾಠಿಯ ಬಲುತೆ ಎರಡೂ ಒಂದೇ ಕೂಲಿಯ ಹೆಸರು. ಬಡಗಿ, ಕಂಬಾರ, ಕುಂಬಾರ, ಅಗಸ, ಮಹಾರ ಮೊದಲಾದವರು ವರ್ಷವಿಡೀ ಊರಿಗೆ ದುಡಿದು, ರಾಶಿಯ ಹೊತ್ತಿಗೆ ಕಣದಲ್ಲಿ ಜೋಳ ಅಳೆಸಿಕೊಳ್ಳುತ್ತಿದ್ದರು. ಇದನ್ನು ಊರೊಗ್ಗಟ್ಟೆಂದು ಕೊಂಡಾಡುವವರು ಇಂದಿಗೂ ಇದ್ದಾರೆ. ಹಿಂದುಳಿದ ಪದ್ಧತಿಯೆಂದು ತಳ್ಳಿಹಾಕುವವರೂ ಇದ್ದಾರೆ. ಕೂಲಿ ಕಾಳಿನ ರೂಪದಲ್ಲಿತ್ತೆಂಬುದು ನನಗೆ ದೋಷವಾಗಿ ಕಾಣುವುದಿಲ್ಲ. ದುಡಿದವನಿಗೆ ಪಾಲಿನ ಹಕ್ಕಿತ್ತು, ಅಳತೆಯ ಹಕ್ಕಿರಲಿಲ್ಲ, ದೋಷವಿದ್ದದ್ದು ಅಲ್ಲಿ.

ಪ್ರಾಚೀನ ಈಜಿಪ್ಟಿನಲ್ಲೂ ಕೂಲಿಯೆಂದರೆ ಕಾಳೇ. ದೊರೆಗಳ ಗೋರಿ ಕೊರೆಯುತ್ತಿದ್ದ ದೇರ್ ಎಲ್ ಮದೀನಾದ ಕೆಲಸಗಾರನಿಗೆ ತಿಂಗಳಿಗೆ ನಾಲ್ಕು ಖಾರ್ ಗೋಧಿ, ಒಂದೂವರೆ ಖಾರ್ ಬಾರ್ಲಿ ಗೊತ್ತಾಗಿತ್ತು. ಒಂದು ಖಾರ್ ಸುಮಾರು 76 ಲೀಟರ್. ಲಿಪಿಕಾರರು ಲೆಕ್ಕ ಬರೆದಿಡುತ್ತಿದ್ದರು. ಆದ್ದರಿಂದಲೇ ಮೂರನೆಯ ರಾಮ್ಸೆಸ್‌ನ 29ನೆಯ ವರ್ಷದಲ್ಲಿ, ಕ್ರಿ.ಪೂ. 1157ರ ಸುಮಾರಿಗೆ, ಪಡಿ ತಡವಾದಾಗ ಆ ಕೆಲಸಗಾರರು ಕೆಲಸ ಬಿಟ್ಟು ದೇವಾಲಯಗಳ ಬಳಿ ಹೋಗಿ ಕುಳಿತರು; ಹಸಿದಿದ್ದೇವೆಂದರು, ಬಾಕಿ ಕೇಳಿದರು. ಅವರು ಅರಮನೆಯ ಕುಶಲಕರ್ಮಿಗಳು, ಬಿಟ್ಟಿ ದುಡಿಮೆಗೆ ಸಿಕ್ಕ ರೈತರಿಗೆ ಇಂಥ ಬಲವಿರಲಿಲ್ಲ ಎಂಬ ಆಕ್ಷೇಪ ನಿಜ. ಆದರೆ ಅದು ಇದೇ ಮಾತನ್ನು ಗಟ್ಟಿಮಾಡುತ್ತದೆ: ಗೊತ್ತಾದ ಅಳತೆಯಿದ್ದವನು ಕೇಳಬಲ್ಲ. ಬಲುತೆಯಲ್ಲಿ ಇದು ತಲೆಕೆಳಗಾಗಿತ್ತು. ಅಲ್ಲಿ ಕೂಲಿಗಾರರು ದುಡಿಮೆ ತಡೆದರು. ಇಲ್ಲಿ ಮಹಾರರು ಹೊಲೆತನದ ಕೆಲಸ ಒಲ್ಲೆವೆಂದರೆ ರೈತರು ಕಾಳನ್ನೇ ತಡೆಯಬಹುದಿತ್ತು. ಅಂಬೇಡ್ಕರರು 1928ರಲ್ಲಿ ಮುಂಬಯಿ ಶಾಸನಸಭೆಗೆ ತಂದ ಮಸೂದೆಯಲ್ಲಿ ಬಲುತೆಯನ್ನು ನಗದು ಕರವಾಗಿ ಬದಲಿಸಲು ಹೊರಟದ್ದು ಕಾಳು ತಡೆಯುವ ಈ ಕೈಯಿಂದ ಅವರನ್ನು ಬಿಡಿಸಲೆಂದೇ. ನಿಜಾಮನ ಆಳ್ವಿಕೆಯಲ್ಲಿದ್ದ ಈ ಸೀಮೆಗೆ ಆ ಮಸೂದೆ ಸಂಬಂಧಿಸಿರಲಿಲ್ಲ. ನೋವು ಮಾತ್ರ ಬೇರೆಯಲ್ಲ.

ಬೆಲೆ ಏರಿದಾಗ ನಗದು ಕರಗುತ್ತದೆ, ಕಾಳು ಹೊಟ್ಟೆ ಕಾಯುತ್ತದೆ ಎಂಬ ವಾದವನ್ನು ಹಗುರವಾಗಿ ಕಾಣಲಾಗದು. ಆದರೆ ರಾಶಿಯೇ ಆಗದ ವರ್ಷ ರಾಶಿಯ ಪಾಲೆಂದರೆ ಏನು? 1972ರ ಬರದ ಬೆನ್ನಿಗೆ, 1973ರ ಮೇ ಹೊತ್ತಿಗೆ ಮಹಾರಾಷ್ಟ್ರದಲ್ಲಿ ಸುಮಾರು 50 ಲಕ್ಷ ಜನ ಬರಗಾಲದ ಕಾಮಗಾರಿಗಳಲ್ಲಿ ದುಡಿಯುತ್ತಿದ್ದರು. ಹಾಗೆಂದು ಕಾಳಿನ ಕೂಲಿ ಕೆಲಸಕ್ಕೆ ಬಾರದ್ದೇನಲ್ಲ. 2001ರ ಸಂಪೂರ್ಣ ಗ್ರಾಮೀಣ ರೋಜಗಾರ ಯೋಜನೆ ದಿನದ ದುಡಿಮೆಗೆ ಕನಿಷ್ಠ ಐದು ಕಿಲೋ ಧಾನ್ಯವನ್ನೂ ಕೂಲಿಯ ಕನಿಷ್ಠ ಕಾಲುಪಾಲು ನಗದನ್ನೂ ಗೊತ್ತುಮಾಡಿತು. ಬರೆದದ್ದೆಲ್ಲ ಕೈಸೇರಿತೆಂದು ಹೇಳುತ್ತಿಲ್ಲ. ಸೇರದಿದ್ದಾಗ ಬಾಕಿ ಎಷ್ಟು ಕಿಲೋ ಎಂದು ಎಣಿಸಿ ಹೇಳಲು ಕೂಲಿಯವರಿಗೆ ಒಂದು ಅಂಕಿ ಇತ್ತು.