ಬೀದರಿನ ಬಣ್ಣದ ಟೈಲ್ಸ್

ಕಮಠಾಣದಿಂದ ಬೀದರ್ ಪೇಟೆಗೆ ಹೋದವರು ಬಿದ್ರಿ ಅಂಗಡಿ ಹೊಗುವ ಮೊದಲು ಬಹಮನಿ ಮಂತ್ರಿ ಮಹಮೂದ್ ಗವಾನರ ಮದರಸಕ್ಕೆ ಹೋಗಬೇಕು. 1472ರ ಕಟ್ಟಡವದು. ಔರಂಗಜೇಬನ ಕಾಲದ ಸಿಡಿಮದ್ದಿನ ಸ್ಫೋಟಕ್ಕೆ ಮುಂಭಾಗದ ಒಂದು ಮಿನಾರು ಬಲಿಯಾಯಿತು. ಉಳಿದದ್ದರ ಮೈಮೇಲೆ ಟೈಲ್ಸಿನ ಅಂಕುಡೊಂಕು ಪಟ್ಟೆಗಳು ಇನ್ನೂ ಮಿನುಗುತ್ತವೆ.

ಸುಟ್ಟ ಬಿಲ್ಲೆಗೆ ಗಾಜಿನ ಲೇಪ ಹಚ್ಚಿ ಮತ್ತೆ ಸುಡುವ ಕಲೆಯಿದು. ಪರ್ಷಿಯಾದ ಗೀಲಾನಿನಿಂದ ಬಂದ ಗವಾನರ ನಾಡಿನ ರುಚಿ. ಕೋಬಾಲ್ಟಿನಿಂದ ಗಾಢ ನೀಲಿ, ತಾಮ್ರದಿಂದ ಹಸಿರುನೀಲಿ. ಬಣ್ಣ ಲೇಪದೊಳಗೇ ಕರಗಿ ಗಾಜಾಗುವುದರಿಂದ ಬಿಸಿಲು ಅದನ್ನು ಸುಲಭಕ್ಕೆ ಕಸಿಯಲಾರದು. ಐದು ಶತಮಾನದ ಬೀದರ್ ಬೇಸಿಗೆಯನ್ನು ತಡೆದ ನೀಲಿ ಅದು!

ಮನೆಯ ಅಂದಕ್ಕೆ ಇದೇ ಕುಸುರಿ ಬೇಕೆನ್ನುವವರು ಕೋಟೆಯ ರಂಗೀನ್ ಮಹಲ್ ನೋಡಲಿ. ಬೀದರಿನ ಸುಲ್ತಾನ ಅಲಿ ಬರೀದ್ ಶಾ ತನ್ನ ವಾಸಕ್ಕೆ ಸಿಂಗರಿಸಿಕೊಂಡದ್ದು: ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನಚಿಪ್ಪು, ಕೆತ್ತನೆಯ ಮರದ ಕಂಬ, ಗೋಡೆಗೆ ಟೈಲ್ಸ್. ನನ್ನ ಕಣ್ಣಿಗೆ ಯಾವ ಇಟಲಿಯ ಹೂದಾನಿಯೂ ಇದರ ಮುಂದೆ ನಿಲ್ಲದು.

ಸಮಯವಿದ್ದರೆ ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರಿಗೂ ಹೋಗಿ. ಎರಡನೇ ಅಲಾವುದ್ದೀನ್ ಅಹ್ಮದ್ ಶಾನ ಗೋರಿಯ ಹೊರಗೋಡೆಯಲ್ಲಿ ಮದರಸಕ್ಕಿಂತ ಹಳೆಯ ನೀಲಿ ತುಣುಕುಗಳಿವೆ.