ಬೆರ್ತ್ ಮೊರಿಸೊ ಮತ್ತು ಅಪೂರ್ಣತೆಯ ಆಕ್ಷೇಪ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸ್ ದೇಶದ ಚಿತ್ರಕಲೆಯಲ್ಲಿ ನಡೆದ ಕ್ರಾಂತಿಯನ್ನು ಕುರಿತು ಬರೆಯುವವರು ಮೊನೆ, ದೆಗಾ, ರೆನ್ವಾರ್, ಪಿಸ್ಸಾರೊ ಮೊದಲಾದವರ ಹೆಸರುಗಳನ್ನು ಹೇಳಿ ಮುಗಿಸಿದ ಮೇಲೆ, ‘ಇವರೊಡನೆ ಒಬ್ಬ ಮಹಿಳೆಯೂ ಇದ್ದಳು’ ಎಂದು ಒಂದು ವಾಕ್ಯವನ್ನು ಸೇರಿಸುವುದು ಬಹುಕಾಲ ವಾಡಿಕೆಯಾಗಿತ್ತು. ಆ ಮಹಿಳೆ ಬೆರ್ತ್ ಮೊರಿಸೊ. ಈಕೆಯ ಕೃತಿಗಳ ವಿಷಯದಲ್ಲಿ ಎರಡು ಮಾತುಗಳು ಆ ಕಾಲದಿಂದಲೇ ರೂಢಿಗೆ ಬಂದವು. ಅವುಗಳಲ್ಲಿ ಸ್ತ್ರೀಸಹಜವಾದ ಲಾಲಿತ್ಯವಿದೆ ಎಂಬುದೊಂದು. ಅವು ಮುಗಿದ ಚಿತ್ರಗಳಲ್ಲ ಎಂಬುದು ಇನ್ನೊಂದು. ಮೊದಲನೆಯದು ಹೊಗಳಿಕೆ, ಎರಡನೆಯದು ತೆಗಳಿಕೆ ಎಂದು ಮೇಲುನೋಟಕ್ಕೆ ತೋರುವುದು. ವಿಚಾರಮಾಡಿ ನೋಡಿದರೆ, ಈಕೆಗೆ ಹೆಚ್ಚು ಕೇಡನ್ನು ಮಾಡಿದ್ದು ಆ ಹೊಗಳಿಕೆಯೇ. ತೆಗಳಿಕೆಯಲ್ಲಾದರೋ ಸತ್ಯದ ಒಂದು ಎಳೆ ಉಂಟು. ಅದನ್ನು ಹಿಡಿದು ಹೋದರೆ ಈಕೆಯ ಕಲೆಯ ಒಳಮನೆಯನ್ನೇ ಸೇರಬಹುದು.

ಬೆರ್ತ್ ಹುಟ್ಟಿದ್ದು 1841ನೆಯ ಇಸವಿ ಜನವರಿ 14ರಂದು, ಬೂರ್ಜ್ ಎಂಬ ಪಟ್ಟಣದಲ್ಲಿ. ತಂದೆ ಸರಕಾರದಲ್ಲಿ ದೊಡ್ಡ ಅಧಿಕಾರಿ. 1852ರಲ್ಲಿ ಸಂಸಾರವು ಪ್ಯಾರಿಸ್ಸಿಗೆ ಬಂದು ನೆಲೆಸಿತು. ಮನೆಯ ಹೆಣ್ಣುಮಕ್ಕಳಿಗೆ ಸಂಗೀತ, ಕಸೂತಿಗಳೊಡನೆ ಚಿತ್ರವನ್ನೂ ಒಂದಿಷ್ಟು ಕಲಿಸುವುದು ಆ ವರ್ಗದವರ ಪದ್ಧತಿ. ಮದುವೆಯಾಗುವ ತನಕ ಹೊತ್ತು ಕಳೆಯಲು ಒಂದು ವಿದ್ಯೆ, ಅಷ್ಟೆ. ಆದರೆ ಬೆರ್ತ್ ಮತ್ತು ಆಕೆಯ ಅಕ್ಕ ಎದ್ಮಾ ಇಬ್ಬರಲ್ಲಿಯೂ ಆ ವಿದ್ಯೆ ಅಷ್ಟಕ್ಕೇ ನಿಲ್ಲುವ ಲಕ್ಷಣ ಕಾಣಲಿಲ್ಲ. ಗುರುವಾಗಿ ಬಂದ ಗಿಶಾರ್ ಇದನ್ನು ಮನಗಂಡು ತಾಯಿಯನ್ನು ಎಚ್ಚರಿಸಿದನಂತೆ: ಈ ಹುಡುಗಿಯರು ನಿಜವಾಗಿಯೇ ಚಿತ್ರಕಾರ್ತಿಯರಾಗುತ್ತಾರೆ, ನಿಮ್ಮಂಥವರ ಮನೆಯಲ್ಲಿ ಅದು ಉತ್ಪಾತಕ್ಕೆ ಸಮಾನವಾದೀತು ಎಂದು. ತಾಯಿ ಹೆದರಲಿಲ್ಲ, ಇದು ಆಕೆಯ ಹಿರಿಮೆ. ಸರಕಾರದ ಕಲಾಶಾಲೆಯು 1897ರ ವರೆಗೆ ಹೆಂಗಸರಿಗೆ ಬಾಗಿಲು ತೆರೆಯಲಿಲ್ಲವಾದ್ದರಿಂದ, ಸೋದರಿಯರಿಗೆ ಲೂವ್ರ್ ಸಂಗ್ರಹಾಲಯದ ಗೋಡೆಗಳೇ ಪಾಠಶಾಲೆಯಾದವು. ಪೂರ್ವಾಚಾರ್ಯರ ಚಿತ್ರಗಳನ್ನು ನೋಡಿ ಪ್ರತಿ ಬರೆದರು. ಅನಂತರ ನಿಸರ್ಗಚಿತ್ರಗಳಲ್ಲಿ ಹೆಸರಾದ ಕೊರೊ ಎಂಬ ಮಹನೀಯನಲ್ಲಿ ಅಭ್ಯಾಸಮಾಡಿ, ಮನೆಯ ಹೊರಗೆ ಬಯಲಿನಲ್ಲಿ ನಿಂತು ಬರೆಯುವುದನ್ನು ಕಲಿತರು. 1864ರಲ್ಲಿ ಸಲೋನ್ ಎಂಬ ರಾಜಮಾನ್ಯವಾದ ವಾರ್ಷಿಕ ಪ್ರದರ್ಶನದಲ್ಲಿ ಬೆರ್ತಳ ಎರಡು ನಿಸರ್ಗಚಿತ್ರಗಳು ಅಂಗೀಕಾರವಾದವು. ಆಗ ಆಕೆಗೆ ಇಪ್ಪತ್ತಮೂರು ವರ್ಷ. ಆ ಹತ್ತು ವರ್ಷಗಳ ಕೆಲಸದಲ್ಲಿ ಉಳಿದುಬಂದದ್ದು ಬಹಳ ಸ್ವಲ್ಪ. ಹಲವನ್ನು ಆಕೆಯೇ ನಾಶಮಾಡಿದಳು.

1868ರಲ್ಲಿ ಲೂವ್ರ್‌ನಲ್ಲಿಯೇ ಎಡ್ವಾರ್ಡ್ ಮಾನೆಯ ಪರಿಚಯವಾಯಿತು. ಮಾನೆ ಆಗ ಪ್ಯಾರಿಸ್ಸಿನಲ್ಲೆಲ್ಲ ಗದ್ದಲವೆಬ್ಬಿಸಿದ ಚಿತ್ರಕಾರ. ಮೊರಿಸೊ ಸೋದರಿಯರು ಬಲು ಸೊಗಸಿನವರು, ಗಂಡಸರಾಗಿ ಹುಟ್ಟದೆ ಹೋದದ್ದು ಪಾಪ ಎಂದು ಅವನು ಸ್ನೇಹಿತನಿಗೆ ಕಾಗದ ಬರೆದನು. ಒಬ್ಬೊಬ್ಬ ಅಕಾಡೆಮಿಯ ಪಂಡಿತನನ್ನು ಮದುವೆಯಾಗಿ, ಆ ಮುದುಕರಲ್ಲಿ ಜಗಳ ಹಚ್ಚಿದರೆ ಹೆಂಗಸರಾಗಿದ್ದೂ ಕಲೆಗೆ ಸೇವೆ ಮಾಡಿಯಾರು ಎಂಬುದು ಅದರಲ್ಲಿನ ವಿನೋದ. ‘ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ’ ಎಂಬ ಗಾದೆಗೆ ಆ ದೇಶದಲ್ಲಿಯೂ ಜೋಡಿ ಇದ್ದಿರಬೇಕು. ಮಾನೆಯಂಥ ಹೊಸಬನ ನಾಲಗೆಯ ಮೇಲೂ ಅದು ಸುಲಭವಾಗಿ ಹೊರಳಿತು. ಆದರೂ ಇಬ್ಬರ ನಡುವೆ ಬೆಳೆದ ಗೌರವ ನಿಜವಾದದ್ದು. ‘ಬಾಲ್ಕನಿ’ ಎಂಬ ಪ್ರಸಿದ್ಧ ಚಿತ್ರದಿಂದ ತೊಡಗಿ ಮಾನೆ ಹಲವು ಸಲ ಬೆರ್ತಳನ್ನು ಚಿತ್ರಿಸಿದನು. 1872ರಲ್ಲಿ ಬರೆದ, ಕಪ್ಪು ಉಡುಪಿನ, ನೇರಿಳೆ ಹೂಗುಚ್ಛದ ಭಾವಚಿತ್ರವನ್ನು ಕಂಡವರು ಆ ಕಣ್ಣುಗಳನ್ನು ಮರೆಯಲಾರರು. ಇದರಿಂದ ಒಂದು ಅನ್ಯಾಯವೂ ಆಯಿತು. ಜನರಿಗೆ ಬೆರ್ತಳ ಮುಖ ಪರಿಚಿತವಾದಷ್ಟು ಆಕೆಯ ಕೈಬರೆಹ ಪರಿಚಿತವಾಗಲಿಲ್ಲ.

1870ರಲ್ಲಿ ನಡೆದ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಬೆರ್ತ್ ತನ್ನ ತಾಯಿಯೂ ಅಕ್ಕನೂ ಕುಳಿತಿರುವ ಒಂದು ದೊಡ್ಡ ಚಿತ್ರವನ್ನು ಬರೆದು ಸಲೋನಿಗೆ ಕಳುಹಿಸಲು ಸಿದ್ಧಳಾಗಿದ್ದಳು. ಕಪ್ಪು ಉಡುಪಿನ ತಾಯಿ ಪುಸ್ತಕ ಓದುತ್ತಿದ್ದಾಳೆ. ಬಿಳಿಯ ಉಡುಪಿನ ಎದ್ಮಾ ಕಣ್ಣು ಕೆಳಗೆಮಾಡಿ ಯಾವುದೋ ಯೋಚನೆಯಲ್ಲಿದ್ದಾಳೆ. ಮನಸ್ಸು ಅಳುಕಿ ಬೆರ್ತ್ ಮಾನೆಯ ಅಭಿಪ್ರಾಯವನ್ನು ಕೇಳಿದಳು. ಅವನು ಮನೆಗೆ ಬಂದು, ಉಡುಪಿನ ಅಂಚಿನಲ್ಲಿ ಒಂದೆರಡು ಕಡೆ ತಿದ್ದುವೆನೆಂದು ಕುಂಚವನ್ನು ಕೈಗೆ ತೆಗೆದುಕೊಂಡವನು, ಅಂಚಿನಿಂದ ಎದೆಗೆ, ಎದೆಯಿಂದ ಮುಖಕ್ಕೆ ಏರಿ, ನಗೆಯಾಡುತ್ತ ಇಡೀ ತಾಯಿಯ ಆಕೃತಿಯನ್ನೇ ತನ್ನದಾಗಿ ಮಾಡಿಬಿಟ್ಟನು. ಚಿತ್ರವನ್ನೊಯ್ಯುವ ಗಾಡಿ ಬಾಗಿಲಲ್ಲಿ ಕಾದಿತ್ತು, ಚಿತ್ರ ಹೋಯಿತು, ಸಲೋನಿನಲ್ಲಿ ತೂಗಿತು. ಅದನ್ನು ತಿರಸ್ಕರಿಸಿದರೆ ಸಾಕೆಂದು ಬೆರ್ತ್ ಹಂಬಲಿಸಿದಳು. ಇಂದು ವಾಷಿಂಗ್ಟನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿರುವ ಆ ಚಿತ್ರದಲ್ಲಿ ಎರಡು ಕೈಗಳ ಭೇದ ಅಭ್ಯಾಸವಿಲ್ಲದ ಕಣ್ಣಿಗೂ ತೋರುವುದು. ತಾಯಿಯ ಕಪ್ಪು ಮಾನೆಯ ಕಪ್ಪು. ದಪ್ಪವಾಗಿ, ನಿಶ್ಚಯವಾಗಿ ಕುಳಿತಿದೆ. ಎದ್ಮಾಳ ಬಿಳುಪು ಬೆರ್ತಳದು. ಅದರಲ್ಲಿ ಬೂದಿ, ನೀಲಿ, ನಸುಗೆಂಪುಗಳು ಉಸಿರಾಡುತ್ತಿವೆ. ಗುರುಸ್ಥಾನದಲ್ಲಿದ್ದವನು ‘ಮುಗಿಸಿ’ಕೊಟ್ಟ ಅರ್ಧಕ್ಕಿಂತ ಶಿಷ್ಯೆಯು ‘ಮುಗಿಸದೆ’ ಬಿಟ್ಟ ಅರ್ಧವೇ ಹೆಚ್ಚು ಬಾಳುವುದಾಗಿದೆ ಎಂದರೆ ಮಾನೆಯ ಅಭಿಮಾನಿಗಳು ಕೋಪಿಸಿಕೊಳ್ಳಬಾರದು.

ಎದ್ಮಾ 1869ರಲ್ಲಿ ನೌಕಾಪಡೆಯ ಒಬ್ಬ ಅಧಿಕಾರಿಯನ್ನು ಮದುವೆಯಾಗಿ ಕುಂಚವನ್ನು ಕೆಳಗಿಟ್ಟಳು. ಹನ್ನೆರಡು ವರ್ಷ ಪಕ್ಕದಲ್ಲಿ ನಿಂತು ಬರೆದ ಜೊತೆಗಾತಿಯನ್ನು ಬೆರ್ತ್ ಹೀಗೆ ಕಳೆದುಕೊಂಡಳು. ಈ ಅಕ್ಕನನ್ನು ಆಕೆಯ ಮಗುವಿನೊಡನೆ ಚಿತ್ರಿಸಿದ್ದೇ 1872ರ ‘ತೊಟ್ಟಿಲು’. ಈಕೆಯ ಕೃತಿಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದ ಇದನ್ನು ಮಾತೃವಾತ್ಸಲ್ಯದ ಚಿತ್ರವೆಂದು ಹೇಳಿ ಕೈತೊಳೆದುಕೊಳ್ಳುವವರೇ ಬಹಳ. ಚಿತ್ರದಲ್ಲಿರುವುದೇನು? ತಾಯಿ ಒಂದು ಕೈಯನ್ನು ಮಡಿಸಿ ಗಲ್ಲಕ್ಕೆ ಕೊಟ್ಟು, ಇನ್ನೊಂದು ಕೈಯಿಂದ ತೊಟ್ಟಿಲ ಪರದೆಯ ಅಂಚನ್ನು ಹಿಡಿದಿದ್ದಾಳೆ. ಮಲಗಿದ ಮಗುವಿನ ತೋಳೂ ಹಾಗೆಯೇ ಮಡಿಸಿದೆ. ನೋಡುವವನಿಗೂ ಮಗುವಿಗೂ ನಡುವೆ ತೆಳುವಾದ ಬಿಳಿಯ ಪರದೆ ಇಳಿದಿದೆ. ಮಗುವಿನ ಮುಖ ಅದರ ಹಿಂದೆ ಮಸುಕಾಗಿ ಕಾಣುತ್ತದೆ. ಚಿತ್ರದ ಬಹುಭಾಗವನ್ನು ಆ ಪರದೆಯೇ ಆಕ್ರಮಿಸಿದೆ. ತಾಯಿಯ ನೋಟದಲ್ಲಿ ಪ್ರೀತಿಯಿಲ್ಲವೆಂದಲ್ಲ. ಆದರೆ ಆ ಪ್ರೀತಿಯ ಪಕ್ಕದಲ್ಲಿಯೇ ಆಯಾಸವಿದೆ, ಏನನ್ನೋ ಬಿಟ್ಟುಕೊಟ್ಟವರ ಮೌನವಿದೆ. ಚಿತ್ರಕಾರ್ತಿ ಅದನ್ನು ಹೇಳುವುದಿಲ್ಲ. ಆನಂದವರ್ಧನನು ಧ್ವನಿಯೆಂದು ಕರೆದ ವ್ಯಾಪಾರ ಇಲ್ಲಿ ಬಣ್ಣದಲ್ಲಿ ನಡೆದಿದೆ. ಅಂಥ ಪರದೆಯನ್ನು ‘ಮುಗಿಸುವುದು’ ಹೇಗೆ? ಅದರ ಎಳೆಎಳೆಯನ್ನು ಬಿಡಿಸಿ ಬರೆದಿದ್ದರೆ ಬಟ್ಟೆ ಸಿಕ್ಕುತ್ತಿತ್ತು, ಮರೆ ಸಿಕ್ಕುತ್ತಿರಲಿಲ್ಲ. 1874ರ ಪ್ರದರ್ಶನದಲ್ಲಿ ಈ ಚಿತ್ರವನ್ನು ಯಾರೂ ಕೊಳ್ಳಲಿಲ್ಲ. ಎದ್ಮಾಳ ಮನೆಯವರಲ್ಲಿಯೇ ಉಳಿದು, 1930ರಲ್ಲಿ ಲೂವ್ರ್‌ಗೆ ಸೇರಿತು. ಈಗ ಓರ್ಸೆ ಸಂಗ್ರಹಾಲಯದಲ್ಲಿದೆ.

ಆ 1874ರ ಪ್ರದರ್ಶನವೇ ಇಂಪ್ರೆಷನಿಸ್ಟರ ಮೊದಲನೆಯ ಕೂಟ. ನಾದಾರ್ ಎಂಬ ಛಾಯಾಚಿತ್ರಕಾರನು ಬಿಟ್ಟುಹೋಗಿದ್ದ ಕಟ್ಟಡದಲ್ಲಿ ಸುಮಾರು 30 ಮಂದಿ ಸೇರಿ, ಸಲೋನಿನ ಹಂಗನ್ನು ತೊರೆದು, ತಮ್ಮ ಚಿತ್ರಗಳನ್ನು ತಾವೇ ತೂಗಿಸಿದರು. ಅವರಲ್ಲಿ ಹೆಂಗಸು ಬೆರ್ತ್ ಒಬ್ಬಳೇ. ಈ ಸಾಹಸದ ಬೆಲೆ ತಿಳಿಯಬೇಕಾದರೆ ಒಂದು ಸಂಗತಿಯನ್ನು ನೆನೆಯಬೇಕು: ಮಾನೆ ತಾನು ಕೊನೆಯ ವರೆಗೂ ಈ ಗುಂಪಿನೊಡನೆ ಪ್ರದರ್ಶಿಸಲಿಲ್ಲ, ಸಲೋನಿನ ಮನ್ನಣೆಯನ್ನೇ ಕಾದು ಕುಳಿತನು. ಸಲೋನಿನಲ್ಲಿ ಆಗಲೇ ಜಾಗ ಸಂಪಾದಿಸಿದ್ದ ಬೆರ್ತ್ ಅದನ್ನು ಬಿಟ್ಟು ಬಂದಳು. 1886ರ ವರೆಗೆ ನಡೆದ ಎಂಟು ಪ್ರದರ್ಶನಗಳಲ್ಲಿ ಏಳರಲ್ಲಿ ಆಕೆಯ ಚಿತ್ರಗಳಿದ್ದವು. ತಪ್ಪಿದ್ದು 1879ರದು ಮಾತ್ರ; ಅದಕ್ಕೆ ಕೆಲವು ತಿಂಗಳ ಹಿಂದೆ, 1878ರ ನವಂಬರಿನಲ್ಲಿ, ಮಗಳು ಜೂಲಿ ಹುಟ್ಟಿದ್ದಳು. 1874ರ ಡಿಸೆಂಬರಿನಲ್ಲಿ ಆಕೆ ಮದುವೆಯಾದದ್ದು ಮಾನೆಯ ತಮ್ಮ ಯೂಜೀನನನ್ನು. ಹೆಂಡತಿಯ ಕೆಲಸಕ್ಕೆ ಅಡ್ಡಬಾರದೆ ನೆರವಾಗಿ ನಿಂತ ಗಂಡಂದಿರ ಪಟ್ಟಿ ಯಾವ ದೇಶದಲ್ಲಿಯೂ ಉದ್ದವಲ್ಲ. ಯೂಜೀನನ ಹೆಸರು ಅದರಲ್ಲಿ ಸೇರತಕ್ಕದ್ದು.

ಹಳೆಯ ಗುರು ಗಿಶಾರ್ ಆ ಪ್ರದರ್ಶನವನ್ನು ನೋಡಿ ಗಾಬರಿಗೊಂಡು ತಾಯಿಗೆ ಪುನಃ ಬರೆದನು: ಈ ಹುಚ್ಚರ ಸಹವಾಸವನ್ನು ಮಗಳು ಬಿಡಬೇಕು, ಜಲವರ್ಣಕ್ಕೆ ಮೀಸಲಾದುದನ್ನು ಆಕೆ ತೈಲವರ್ಣದಲ್ಲಿ ಸಾಧಿಸಹೊರಟಿದ್ದಾಳೆ. ಇದಕ್ಕಿಂತ ಸೂಕ್ಷ್ಮವಾದ ವಿಮರ್ಶೆಯನ್ನು ಬೆರ್ತಳ ಮಿತ್ರರೂ ಬರೆದಿಲ್ಲ. ತಪ್ಪೆಂದು ಅವನು ತೋರಿಸಿದ್ದೇ ಆಕೆಯ ಸಿದ್ಧಿ. ತೈಲವರ್ಣವು ಸ್ವಭಾವತಃ ಭಾರವಾದುದು. ಪದರದ ಮೇಲೆ ಪದರವನ್ನು ಹಚ್ಚಿ, ಕುಂಚದ ಗುರುತು ಕಾಣದಂತೆ ನುಣುಪುಮಾಡಿ, ಮೇಲೆ ಮೆರುಗು ಕೊಡುವುದು ಸಲೋನಿನವರ ರೀತಿ. ಬೆರ್ತ್ ಅದೇ ಬಣ್ಣವನ್ನು ತೆಳುವಾಗಿ, ಬೇಗಬೇಗನೆ, ಎಳೆದು ಬಿಟ್ಟಳು. ಅಂಚುಗಳಲ್ಲಿ ಬಟ್ಟೆಯ ನೆಲವನ್ನು ಹಾಗೆಯೇ ಉಳಿಸಿದಳು. ಜಲವರ್ಣದಲ್ಲಿ ಕಾಗದದ ಬಿಳುಪು ಬೆಳಕಾಗಿ ನಿಲ್ಲುವಂತೆ ಇಲ್ಲಿ ಬಟ್ಟೆಯ ನೆಲ ಬೆಳಕಾಗಿ ನಿಂತಿತು. ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಯ ‘ಬೇಸಗೆಯ ದಿನ’ದಲ್ಲಿ ಇಬ್ಬರು ಹೆಂಗಸರು ಕೆರೆಯಲ್ಲಿ ದೋಣಿಯೊಳಗೆ ಕುಳಿತಿದ್ದಾರೆ. ನೀರೆಂದರೆ ಅಡ್ಡಾದಿಡ್ಡಿಯಾಗಿ ಮಿಂಚಿದ ಕುಂಚದ ಗೀರುಗಳು. ಅದೇ ಗೀರು ಉಡುಪಿನಲ್ಲಿಯೂ ಹರಿದಿದೆ. ದೋಣಿ ಅಲುಗುತ್ತಿದೆಯೆಂದು ಕಣ್ಣು ನಂಬುವುದು ಇದರಿಂದಲೇ.

1876ರಲ್ಲಿ ಆಲ್ಬರ್ಟ್ ವುಲ್ಫ್ ಎಂಬ ಪತ್ರಿಕಾಲೇಖಕನು ಈ ಗುಂಪನ್ನು ಐದಾರು ಮಂದಿ ಬುದ್ಧಿಭ್ರಮಣೆಯವರೆಂದು ಹಳಿದು, ಅವರಲ್ಲಿ ಒಬ್ಬ ಹೆಂಗಸೂ ಇರುವಳೆಂದೂ, ಹುಚ್ಚಿನ ನಡುವೆಯೂ ಆಕೆಯ ಸ್ತ್ರೀಸಹಜ ಲಾವಣ್ಯ ಉಳಿದಿದೆಯೆಂದೂ ಬರೆದನು. ಲಾಲಿತ್ಯದ ಹೊಗಳಿಕೆ ಹುಟ್ಟಿದ ಜಾಗ ಇಂಥದು. ಮರುವರ್ಷವೇ ಪಾಲ್ ಮಾಂತ್ಸ್, ಈ ಗುಂಪಿನಲ್ಲಿ ನಿಜವಾದ ಇಂಪ್ರೆಷನಿಸ್ಟ್ ಈಕೆ ಒಬ್ಬಳೇ ಎಂದನು. ಅದು ದೊಡ್ಡ ಮಾತು. ಆದರೆ ಅದನ್ನು ಅನುಸರಿಸಿ ಬಂದವರು ಇಂಪ್ರೆಷನಿಸಂ ಎಂಬುದೇ ಹೆಂಗಸರ ಚಂಚಲಸ್ವಭಾವಕ್ಕೆ ಒಪ್ಪುವ ಕಲೆಯೆಂದು ಅರ್ಥಮಾಡಿಬಿಟ್ಟರು. ಮೊನೆ ಬರೆದರೆ ದರ್ಶನ, ಮೊರಿಸೊ ಬರೆದರೆ ಸ್ವಭಾವ! ಅಭ್ಯಾಸದಿಂದ ಬಂದುದನ್ನು ಹುಟ್ಟಿನಿಂದ ಬಂದುದೆಂದು ಹೊಗಳುವುದಕ್ಕಿಂತ ಜಾಣತನದ ಕಳವು ಬೇರೊಂದಿಲ್ಲ.

ಲಾಲಿತ್ಯದ ವಾದಕ್ಕೆ ಉತ್ತರ ಬೇಕಾದವರು 1880ರಲ್ಲಿ ಪ್ರದರ್ಶಿತವಾದ ಒಂದು ಚಿತ್ರವನ್ನು ನೋಡಬೇಕು. ಆಂಜೆಲ್ ಎಂಬ ದಾದಿ ತೋಟದಲ್ಲಿ ಕುಳಿತು ಜೂಲಿಗೆ ಮೊಲೆಯೂಡಿಸುತ್ತಿದ್ದಾಳೆ. ತಾಯಿ ಮಗುವಿಗೆ ಹಾಲೂಡಿಸುವುದು ಕ್ರೈಸ್ತದೇಶಗಳಲ್ಲಿ ನೂರಾರು ವರ್ಷಗಳಿಂದ ಪೂಜ್ಯವಾದ ಚಿತ್ರವಸ್ತು. ಇಲ್ಲಿ ಹಾಲೂಡಿಸುವವಳು ಸಂಬಳಕ್ಕೆ ಬಂದವಳು. ಹೆತ್ತವಳು ಎದುರಿಗೆ ನಿಂತು ಕುಂಚ ಹಿಡಿದಿದ್ದಾಳೆ. ಇಬ್ಬರೂ ದುಡಿಯುತ್ತಿದ್ದಾರೆ, ಒಬ್ಬಳ ದುಡಿಮೆಯಿಂದ ಇನ್ನೊಬ್ಬಳ ದುಡಿಮೆ ಸಾಧ್ಯವಾಗಿದೆ. 1988ರಲ್ಲಿ ಲಿಂಡಾ ನಾಕ್ಲಿನ್ ಎಂಬ ಅಮೆರಿಕದ ವಿದುಷಿ ಈ ಅಂಶವನ್ನು ಎತ್ತಿ ತೋರಿಸುವ ತನಕ ವಿಮರ್ಶಕರು ಇದನ್ನೂ ಸುಕುಮಾರಚಿತ್ರಗಳ ಸಾಲಿಗೆ ಸೇರಿಸಿದ್ದರು. ಸುಕುಮಾರವೆನ್ನಲು ಅದರಲ್ಲಿ ಏನೂ ಇಲ್ಲ. ಬಿಳಿ, ಹಸುರು, ನಸುಗೆಂಪುಗಳ ಬೀಸಿನಲ್ಲಿ ದಾದಿಯ ಮುಖ ಕರಗಿದೆ, ಮಗು ಕರಗಿದೆ, ತೋಟವೂ ಮೈಯೂ ಒಂದಾಗಿವೆ. ಆ ಬೀಸಿನಲ್ಲಿ ಒಂದು ಉಗ್ರತೆಯೇ ಇದೆ.

ಆಕೆಯ ವಸ್ತುಗಳ ಎಲ್ಲೆ ಚಿಕ್ಕದೆಂಬುದು ನಿಜ. ಕಾಫಿಯಂಗಡಿ, ನಾಟ್ಯಶಾಲೆಯ ಹಿಂಭಾಗ, ರಾತ್ರಿಯ ಬೀದಿ ಇವು ದೆಗಾನಿಗೂ ಮಾನೆಗೂ ದೊರೆತವು. ಮನೆತನಸ್ಥಳಾದ ಹೆಂಗಸಿಗೆ ದೊರೆಯುವಂತಿರಲಿಲ್ಲ. ದೊರೆತದ್ದು ಊಟದ ಕೋಣೆ, ತೋಟ, ಮಹಡಿಯ ಕಟಕಟೆ, ಕನ್ನಡಿಯ ಮುಂದಿನ ಪೀಠ. 1871-72ರ ಸುಮಾರಿಗೆ ಬರೆದ ಒಂದು ಚಿತ್ರದಲ್ಲಿ ಹೆಂಗಸೊಬ್ಬಳೂ ಒಂದು ಮಗುವೂ ಮಹಡಿಯ ಕಂಬಿಗಳ ಹಿಂದೆ ನಿಂತು ದೂರದ ಪ್ಯಾರಿಸ್ ನಗರವನ್ನು ನೋಡುತ್ತಿದ್ದಾರೆ. ನಗರ ಕಾಣುತ್ತದೆ, ನಡುವೆ ಕಂಬಿಗಳಿವೆ. ಇದು ದೂರೆಂದು ಆಕೆ ಎಲ್ಲಿಯೂ ಹೇಳಿಕೊಂಡಿಲ್ಲ. ಆದರೆ ಗಂಡಸರು ಯಾರೂ ಹೆಂಗಸನ್ನು ಸರಿಸಮಳಾಗಿ ಕಂಡದ್ದಿಲ್ಲ, ತನಗೆ ಬೇಕಾದದ್ದು ಅದಿಷ್ಟೇ ಎಂಬರ್ಥದ ಮಾತು 1890ರ ಆಕೆಯ ಟಿಪ್ಪಣಿಯಲ್ಲಿ ದೊರೆಯುತ್ತದೆ. ಶಿಕಾಗೊ ನಗರದಲ್ಲಿರುವ ಶೃಂಗಾರಚಿತ್ರದಲ್ಲಿ ಹೆಂಗಸಿನ ಬೆನ್ನು ಮಾತ್ರ ಕಾಣುತ್ತದೆ. ಕನ್ನಡಿಯಲ್ಲಿ ಆಕೆಯ ಮುಖ ಬಿದ್ದಿಲ್ಲ. ಆ ಕನ್ನಡಿಯ ಕೆಳ ಅಂಚಿನಲ್ಲಿ ಬೆರ್ತ್ ತನ್ನ ಹೆಸರನ್ನು ಬರೆದಿದ್ದಾಳೆ.

ಕಡೆಯ ವರ್ಷಗಳ ಕೃತಿಗಳೆಲ್ಲವೂ ಈ ಮಟ್ಟದವಲ್ಲ. ರೆನ್ವಾರನ ಸ್ನೇಹ ಬೆಳೆದಂತೆ ಆಕೆಯ ರೇಖೆ ಉದ್ದವಾಗಿ, ಬಳುಕಿನದಾಗಿ, ಆಕೃತಿಯನ್ನು ಸುತ್ತುಗಟ್ಟತೊಡಗಿತು. 1891ರ ‘ಚೆರಿಯ ಮರ’ಕ್ಕಾಗಿ ಆಕೆ ಎಷ್ಟೋ ರೇಖಾಚಿತ್ರಗಳನ್ನೂ ಜಲವರ್ಣಗಳನ್ನೂ ಸಿದ್ಧಪಡಿಸಿ, ಒಂದಕ್ಕಿಂತ ಹೆಚ್ಚು ದೊಡ್ಡ ಪ್ರತಿಗಳನ್ನು ಬರೆದಳು. ಆ ಪರಿಶ್ರಮವು, ಈಕೆಯದು ಕೈಗೆ ಬಂದಂತೆ ಎಳೆದ ಕಲೆಯೆನ್ನುವವರಿಗೆ ತಕ್ಕ ಉತ್ತರ. ಆದರೂ ಏಣಿಯ ಮೇಲಿನ ಹುಡುಗಿಯಲ್ಲಿ ಹಿಂದಿನ ತುಡಿತವಿಲ್ಲ. ಇಲ್ಲಿ ಚಿತ್ರ ಮುಗಿದಿದೆ, ಸ್ವಲ್ಪ ಹೆಚ್ಚಾಗಿಯೇ ಮುಗಿದಿದೆ. 1885ರ ಸ್ವಂತ ಭಾವಚಿತ್ರವನ್ನು ಇದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಿಳಿಯುವುದು. ನರೆತ ಕೂದಲನ್ನು ಮೇಲೆ ಕಟ್ಟಿ, ಬಣ್ಣದ ಹಲಗೆಯನ್ನು ಹಿಡಿದು, ನೋಡುವವನನ್ನು ನೇರವಾಗಿ ಎದುರಿಸಿ ನಿಂತ ಆ ಮೂರ್ತಿಯ ಸುತ್ತ ಬಟ್ಟೆ ಬಹುಮಟ್ಟಿಗೆ ಬರಿದಾಗಿದೆ. ಬರಿದಾಗಿರುವುದರಿಂದಲೇ ಮುಖಕ್ಕೆ ಅಷ್ಟು ಬಲ.

1892ರಲ್ಲಿ ಯೂಜೀನ್ ತೀರಿಕೊಂಡನು. ಅದೇ ವರ್ಷ ಆಕೆಯ ಚಿತ್ರಗಳು ಮಾತ್ರವೇ ಇದ್ದ ಮೊದಲನೆಯ ಪ್ರದರ್ಶನ ನಡೆಯಿತು. 1894ರಲ್ಲಿ, ಕವಿ ಮಲಾರ್ಮೆಯ ಪ್ರಯತ್ನದಿಂದ, ಫ್ರೆಂಚ್ ಸರಕಾರವು ಆಕೆಯ ಒಂದು ಚಿತ್ರವನ್ನು ಕೊಂಡಿತು. ಮರುವರ್ಷ ಜೂಲಿಗೆ ಇನ್‌ಫ್ಲುಯೆಂಜಾ ಜ್ವರ ಬಂದಾಗ ಶುಶ್ರೂಷೆ ಮಾಡಿ ತಾನೂ ಹಾಸಿಗೆ ಹಿಡಿದು, ಮಾರ್ಚ್ 2ರಂದು ಐವತ್ತನಾಲ್ಕನೆಯ ವಯಸ್ಸಿನಲ್ಲಿ ಕಾಲವಾದಳು. 400ಕ್ಕೂ ಹೆಚ್ಚು ತೈಲಚಿತ್ರಗಳನ್ನು ಬರೆದವಳ ಮರಣದ ದಾಖಲೆಯಲ್ಲಿ ‘ಉದ್ಯೋಗವಿಲ್ಲ’ ಎಂದು ಬರೆಯಲಾಯಿತು. ಪಾಸ್ಸಿಯ ಸಮಾಧಿಯ ಕಲ್ಲಿನ ಮೇಲೆ, ಯೂಜೀನ್ ಮಾನೆಯ ವಿಧವೆ ಎಂದಿದೆ.

1896ರ ಮಾರ್ಚಿಯಲ್ಲಿ ಮಿತ್ರರು ದ್ಯುರಾಂ-ರ‍್ಯುಯೆಲನ ಚಿತ್ರಶಾಲೆಯಲ್ಲಿ ಆಕೆಯ ಕೃತಿಗಳ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿದರು. ಮಲಾರ್ಮೆ ಮುನ್ನುಡಿ ಬರೆದನು. ಮೊನೆ, ದೆಗಾ, ರೆನ್ವಾರ್ ತಾವೇ ಚಿತ್ರಗಳನ್ನು ಜೋಡಿಸಿದರು. ಹದಿನೇಳರ ಜೂಲಿ ತನ್ನ ದಿನಚರಿಯಲ್ಲಿ ಇದನ್ನೆಲ್ಲ ಬರೆದಿಟ್ಟಿದ್ದಾಳೆ. ರೇಖಾಚಿತ್ರಗಳನ್ನೂ ಜಲವರ್ಣಗಳನ್ನೂ ತೂಗಿಸಿದ ಒಂದು ಮಡಿಕೆಯ ತಡಿಕೆಯನ್ನು ದೊಡ್ಡ ಕೋಣೆಯ ನಡುವೆಯೇ ನಿಲ್ಲಿಸಬೇಕೆಂದು ದೆಗಾ ಹಟಹಿಡಿದನು. ಅದರಿಂದ ತೈಲಚಿತ್ರಗಳನ್ನು ದೂರದಿಂದ ನೋಡಲು ಅಡ್ಡಿಯಾಗುವುದೆಂದು ಮೊನೆ ಒಪ್ಪಲಿಲ್ಲ. ಸಂಜೆಯ ತನಕ ವಾದ ನಡೆದು, ಕೊನೆಗೆ ದೆಗಾ ಸಿಟ್ಟಿನಿಂದ ಹೊರಟುಹೋದನು.