ಕಸೂತಿಯ ಗೋಪುರ: ನೋಟದ ಸುಖ ಮತ್ತು ಉಡುಗೆಯ ರೀತಿ

ಧಾರವಾಡ ಸೀಮೆಯ ಕಸೂತಿಯನ್ನು ಕುರಿತ ಬರಹಗಳಲ್ಲಿ, ಈ ಕಲೆ ಚಾಲುಕ್ಯರ ಕಾಲದಿಂದ ಅವಿಚ್ಛಿನ್ನವಾಗಿ ನಡೆದುಬಂದಿದೆಯೆಂಬ ಮಾತು ಮೇಲಿಂದ ಮೇಲೆ ಕಾಣಬರುತ್ತದೆ. ಸೀರೆಯ ಮೇಲಿನ ಆನೆ, ನಂದಿ, ಕಮಲಗಳಿಗೂ ದೇವಾಲಯಗಳ ಶಿಲ್ಪಕ್ಕೂ ಇರುವ ಹೋಲಿಕೆಯನ್ನೇ ಇದಕ್ಕೆ ಪ್ರಮಾಣವೆಂದು ಎಣಿಸುವುದುಂಟು. ಹೋಲಿಕೆಯಿರುವುದು ನಿಜ, ಆದರೆ ಅದರಿಂದ ಕಾಲನಿರ್ಣಯ ಮಾಡುವ ಕ್ರಮ ಪರಿಶೀಲನಾರ್ಹವಾಗಿದೆ.

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವು ಕ್ರಿ.ಶ. 8ನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದುದು. ಅಲ್ಲಿನ ಶಿಲ್ಪಗಳು ಆ ಶತಮಾನದವರ ಕಣ್ಣಿಗೆ ಮಾತ್ರ ಬಿದ್ದು ಮರೆಯಾದುವಲ್ಲ. ಸಾವಿರ ವರ್ಷ ಕಳೆದ ಮೇಲೆ ಅಲ್ಲಿಗೆ ಬಂದ ಹೆಣ್ಣುಮಗಳೂ ಅವನ್ನು ಕಣ್ತುಂಬ ನೋಡಬಹುದಾಗಿತ್ತು. ಕಲ್ಲಿನ ಕಾಲದಿಂದ ಹೊಲಿಗೆಯ ಕಾಲ ಸಿದ್ಧಿಸುವುದಿಲ್ಲ. ಹೋಲಿಕೆಯಿಂದ ತಿಳಿಯುವುದು ಇಷ್ಟೇ: ಯಾರೋ ನೋಡಿದರು, ನೋಡಿದುದು ಹಿಡಿಸಿತು.

ಹಾಗೆ ಹಿಡಿಸಿದುವು ಯಾವುವು? ಗೋಪುರ, ತೇರು, ಪಲ್ಲಕ್ಕಿ, ಅಂಬಾರಿ ಹೊತ್ತ ಆನೆ ಉತ್ಸವದ ನೋಟಗಳು. ತುಳಸಿಕಟ್ಟೆ, ತೊಟ್ಟಿಲುಗಳು ಮನೆಯವು. ಗಿಳಿ, ನವಿಲು, ಜಿಂಕೆಗಳು ಬಯಲಿನವು. ಇವುಗಳಲ್ಲಿ ಪೂಜೆಗೆ ಸಂಬಂಧಿಸಿದುವು ಕೆಲವೇ ಆದುದರಿಂದ, ಎಲ್ಲವನ್ನೂ ಧಾರ್ಮಿಕ ಸಂಕೇತವೆಂದು ಓದುವುದು ಸಮಂಜಸವಲ್ಲ. ನೋಡಿ ನಲಿದ ವಸ್ತುಗಳೆಂಬ ಸಂಬಂಧವೊಂದೇ ಇವೆಲ್ಲವನ್ನೂ ಕೂಡಿಸುತ್ತದೆ.

ಆದರೆ ಕಂಡುದು ಕಂಡಂತೆಯೇ ಬಟ್ಟೆಗೆ ಇಳಿಯುವುದಿಲ್ಲ. ಸಂಪ್ರದಾಯದ ಕಸೂತಿಯಲ್ಲಿ ಮೊದಲು ಗೆರೆ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕು. ಗವಂತಿ ನೇರವಾಗಿಯೋ ಓರೆಯಾಗಿಯೋ ಸಾಗುತ್ತದೆ. ಮುರ್ಗಿ ಮೆಟ್ಟಿಲಾಗಿ ಏರುತ್ತದೆ. ನೇಗಿ, ಮೆಂತೆಗಳೂ ಈ ಎಣಿಕೆಗೆ ಅಧೀನವೇ. ದುಂಡಾದ ತೇರಿನ ಗಾಲಿಯೂ ಇಲ್ಲಿ ಕೋನಗಳಾಗಿ ಒಡೆಯುತ್ತದೆ. ಶಿಲ್ಪಿಯ ರೇಖೆಯನ್ನು ನಕಲು ಮಾಡುವುದು ಈ ಹೊಲಿಗೆಗೆ ಸಾಧ್ಯವೇ ಇಲ್ಲ. ನೋಡಿದುದನ್ನು ಹೊಸದಾಗಿ ಕಟ್ಟಿಕೊಳ್ಳಬೇಕು.

ಮಾದರಿಗಳು ತಾಯಿಯಿಂದ ಮಗಳಿಗೆ ಬಂದುವು, ಪ್ರತಿಯೊಬ್ಬಳೂ ಗೋಪುರವನ್ನು ನೋಡಿಯೇ ಹೊಲಿದಳೆ ಎಂದು ಆಕ್ಷೇಪಿಸಬಹುದು. ಆಕ್ಷೇಪ ಯುಕ್ತವಾದುದೇ. ಆದರೆ ಬಂದ ಮಾದರಿಗಳಲ್ಲಿ ಯಾವುದನ್ನು ಎತ್ತಿಕೊಳ್ಳಬೇಕು, ಯಾವುದರ ಪಕ್ಕದಲ್ಲಿ ಯಾವುದನ್ನಿಡಬೇಕು, ಕಪ್ಪು ಚಂದ್ರಕಾಳಿ ಸೀರೆಗೆ ಯಾವ ಬಣ್ಣದ ಎಳೆ ಒಪ್ಪೀತು ಎಂಬ ತೀರ್ಮಾನಗಳು ಹೊಲಿಯುವವಳ ಪಾಲಿಗೆ ಉಳಿದೇ ಇದ್ದುವು. ಜಾತಿ, ಸಂಪತ್ತು, ಸಂದರ್ಭಗಳು ಎಂಥ ಸೀರೆಯೆಂಬುದನ್ನು ಬಹುಮಟ್ಟಿಗೆ ಗೊತ್ತುಮಾಡಿದರೂ, ಉಡುಗೆಯಲ್ಲಿ ವ್ಯಕ್ತಿಯ ರುಚಿ ಕಾಣುವುದು ಇಂಥ ಆಯ್ಕೆಗಳಲ್ಲಿಯೇ.

ಸೆರಗಿನ ವಿಷಯವೂ ಗಮನಾರ್ಹ. ದೊಡ್ಡ ಚಿತ್ರಗಳು ಸಾಮಾನ್ಯವಾಗಿ ಸೆರಗಿನ ಬಳಿ ಬರುತ್ತವೆ; ಒಡಲಿನ ಕಡೆಗೆ ಸಾಗಿದಂತೆ ಚಿಕ್ಕವಾಗುತ್ತವೆ. ಹೊದ್ದ ಸೆರಗು ಉಟ್ಟವಳಿಗಿಂತ ಹಿಂದೆ ಬರುವವರಿಗೇ ಚೆನ್ನಾಗಿ ಕಾಣುತ್ತದೆ. ತೇರು ನೋಡಹೋದವಳು ತಾನೂ ಬೆನ್ನಮೇಲೊಂದು ತೇರನ್ನು ಹೊತ್ತು, ಇತರರ ನೋಟಕ್ಕೆ ಸುಖವೀಯುತ್ತಾಳೆ.

ಪ್ರಾಚೀನತೆಯ ಬಿರುದಿನಿಂದ ಕಸೂತಿಯ ಗೌರವ ಹೆಚ್ಚುವುದೆಂಬ ಭಾವನೆಯಿಂದ ಕೀರ್ತಿಯೆಲ್ಲ ಅರಸುಮನೆತನಗಳಿಗೆ ಸಲ್ಲುತ್ತದೆ. ಸೂಜಿ ಹಿಡಿದವರ ವಿವೇಚನೆ ಚರಿತ್ರೆಯಿಂದ ಮರೆಯಾಗುತ್ತದೆ. ಈಗ ಯಂತ್ರಗಳೂ ಕಸೂತಿಯ ಚಿತ್ರಗಳನ್ನು ಹಾಕುತ್ತಿವೆ. ಹಳೆಯ ಸೀರೆಗಳು ಪೆಟ್ಟಿಗೆಗಳಲ್ಲಿ ಜೀರ್ಣವಾಗುತ್ತಿವೆ. ಅಂಥ ಸೀರೆಯೊಂದು ದೊರೆತಾಗ ವಿದ್ಯಾರ್ಥಿಗಳು, ಅದರ ಚಿತ್ರ ಯಾವ ರಾಜನ ಕಾಲದ್ದೆಂದು ಕೇಳುವ ಮೊದಲು, ಅದನ್ನು ಯಾರು ಹೊಲಿದರು, ಯಾವ ಊರಿನಲ್ಲಿ ಹೊಲಿದರು, ಅವರ ಮನೆಯ ಸುತ್ತಮುತ್ತ ಏನೇನು ಕಾಣುತ್ತಿತ್ತು ಎಂಬುದನ್ನು ವಿಚಾರಿಸಿ ಬರೆದಿಟ್ಟರೆ ಚರಿತ್ರೆಗೆ ಉಪಕಾರವಾದೀತು.